ಹನ್ನೊಂದು ವರ್ಷದ ಆಡಿಟರ್

ಗುರುವಾರ, ಹದಿನಾಲ್ಕನೇ ತಾರೀಕು.

ಹಣೆಗೆ ಆರು ಹೊಲಿಗೆ. ನೋವಿಗಿಂತ ಸಿಟ್ಟೇ ಹೆಚ್ಚು.

ಗೇಟು, ಗ್ರಿಲ್ ಮಾಡುವ ವೆಲ್ಡರ್ ನನ್ನ ಹನ್ನೊಂದು ವರ್ಷದ ಗಿರಾಕಿ. ಮಧ್ಯಾಹ್ನ ಆಫೀಸಿಗೆ ನುಗ್ಗಿದವನೇ ಮೇಜಿನ ಮೇಲಿದ್ದ ಪಂಚಿಂಗ್ ಮಷೀನ್ ಎತ್ತಿ ಮುಖಕ್ಕೆ ಬೀಸಿದ.

"ನಿನ್ನ ಸಹಿಗೆ ಮೂರು ಕಾಸಿನ ಬೆಲೆ ಇಲ್ವಂತೆ. ತೆರಿಗೆ ಆಫೀಸಲ್ಲಿ ಎಲ್ಲರೆದುರು ನಕ್ಕುಬಿಟ್ರು. ನೀನು ಆಡಿಟರೇ ಅಲ್ವಂತಲ್ಲೋ."

ಅಲ್ಲ. ವಕೀಲನಾದರೆ ಕೋರ್ಟಿನಲ್ಲಿ ವಾದಿಸಬಹುದು, ಆಡಿಟರಾದರೆ ಲೆಕ್ಕ ತಪಾಸಣೆ ಮಾಡಿ ಸಹಿ ಹಾಕಬಹುದು. ನಾನು ಬರೀ ತೆರಿಗೆ ಸಲಹೆಗಾರ, ಫಾರಂ ತುಂಬಿ ಕೊಡುವವನು. ಈ ವರ್ಷ ಅವನ ವ್ಯಾಪಾರ ದೊಡ್ಡದಾಗಿ ಆಡಿಟರ ಸಹಿಯೇ ಬೇಕಾಯಿತು. ಎದುರು ಕೋಣೆಯ ಆಡಿಟರ ಹತ್ತಿರ ಕಳಿಸಿದರೆ ನನ್ನ ಬಣ್ಣ ಬಯಲಾಗುತ್ತದೆಂದು ಆ ಸಹಿಯನ್ನು ನಾನೇ ಗೀಚಿದ್ದೆ.

ನಾನೇನೂ ಕೈಕಟ್ಟಿ ಕೂರಲಿಲ್ಲ. ಅವನ ಮುಂಗೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಕುರ್ಚಿ ಎತ್ತಿ ಮೊಣಕಾಲಿಗೆ ಬಾರಿಸಿದೆ, ಬಿದ್ದವನಿಗೆ ಇನ್ನೊಂದು ಒದ್ದೆ. ಎದುರು ಕೋಣೆಯ ಆಡಿಟರೇ ಓಡಿಬಂದು ಬಿಡಿಸಿದ್ದು.

ನೆಲದಲ್ಲಿ ಕೂತು ವೆಲ್ಡರ್ ಏದುಸಿರಿನಲ್ಲೇ ಹೇಳಿದ: "ಒಂದ್ಸಲ ಬಾಯಿ ಬಿಟ್ಟು ಹೇಳಿದ್ರೆ, ನಾನೇ ಇವರ ಹತ್ರ ಹೋಗ್ತಿದ್ನಲ್ಲ."

ಆ ಮಾತಿಗೇ ಇನ್ನೊಮ್ಮೆ ಒದೆಯಬೇಕು ಅನ್ನಿಸಿತು. ಹನ್ನೊಂದು ವರ್ಷ 'ಆಡಿಟರ್ ಸಾರ್' ಎಂದು ಕರೆದವನು ಅವನು. ಓಗೊಟ್ಟವನು ನಾನು.

ಆಸ್ಪತ್ರೆಯಲ್ಲಿ ಚೀಟಿ ಬರೆಯುತ್ತಿದ್ದ ನರ್ಸ್ ನನ್ನ ಕೆಲಸ ಏನೆಂದು ಕೇಳಿದಳು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಹಲ್ಲಿನ ಸಂದಿಯಲ್ಲಿ ಇನ್ನೂ ಅವನ ರಕ್ತದ ರುಚಿಯಿತ್ತು.

"ಆಡಿಟರ್" ಅಂದೆ.