ಕೇಳದೆ ಕೊಟ್ಟ ಕ್ಷಮೆ

ಮಾರ್ಚ್ 9, ಸೋಮವಾರ

ಗುಂಡ್ಲುಪೇಟೆಯಿಂದ ಎಂಟೂಕಾಲಿನ ಬಸ್ಸು. ಇಳಿದದ್ದು ಚಾಮರಾಜನಗರದಲ್ಲಿ. ಆಫೀಸಿನ ಬಾಗಿಲಲ್ಲೇ ನಮ್ಮ ಸೂಪರಿಂಟೆಂಡೆಂಟ್ ಮಹದೇವಪ್ರಸಾದ್ ಸಾರ್ — "ಬಂದ್ರು ನೋಡಿ, ಅಲ್ಲೇಲೂಯಮ್ಮ." ಚರ್ಚಿಗೆ ಹೋಗಲು ಶುರುಮಾಡಿದಾಗಿನಿಂದ ಇದೇ ಹೆಸರು ನನಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನ್ಯಾಕೆ ನಕ್ಕೆ?

ಊಟಕ್ಕೆ ಕೂತಾಗ ಎಲ್ಲರ ಬಾಕ್ಸಿನ ಮುಚ್ಚಳ ಮೇಜಿನ ನಡುವೆ ಬರಬೇಕು. ಅದರಲ್ಲಿ ಅವರವರ ಪಲ್ಯ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ನಮ್ಮ ಆಫೀಸಿನ ಪದ್ಧತಿ. ನನ್ನ ಮುಚ್ಚಳವನ್ನು ಸಾರ್ ಬೆರಳ ತುದಿಯಲ್ಲಿ ಪಕ್ಕಕ್ಕೆ ತಳ್ಳಿದರು. ಪ್ರಾರ್ಥನೆ ಮಾಡಿದ ಪಲ್ಯವಂತೆ, ತಿಂದರೆ ಅವರನ್ನೂ ಚರ್ಚಿಗೆ ಎಳೆದುಕೊಂಡು ಹೋಗುತ್ತದಂತೆ. ಹುರುಳಿಕಾಳಿಗೆ ಅಷ್ಟು ಶಕ್ತಿ ಇದೆ ಅಂತ ಗೊತ್ತಿರಲಿಲ್ಲ.

ಈ ಡೈರಿಯ ಕೊನೆಯ ಪುಟದಲ್ಲಿ ಬರೆದಿಟ್ಟೆ. ಸಾರ್ ಆಡಿದ ಹನ್ನೊಂದನೆಯ ಕೊಂಕುಮಾತು.

ಮಾರ್ಚ್ 13, ಶುಕ್ರವಾರ

ಈಸ್ಟರ್‌ಗೆ ಮುಂಚೆ ಎಲ್ಲರ ಜೊತೆ ಸಮಾಧಾನ ಮಾಡಿಕೊಳ್ಳಿ ಅಂದಿದ್ದರು ಪಾಸ್ಟರ್. ಮಾಡಿಯೇ ಬಿಟ್ಟೆ. ಊಟದ ಮೇಜಿನಲ್ಲಿ, ಎಲ್ಲರೆದುರು — "ಸಾರ್, ನೀವ್ ಅಂದಿದ್ನೆಲ್ಲ ನಾನು ಕ್ಷಮಿಸಿದೀನಿ."

ಸಾರ್ ಮುಖ ಕಪ್ಪಿಟ್ಟಿತು.

"ನಾನ್ ಕೇಳಿದ್ನಾ? ನೀನ್ಯಾರಮ್ಮ ನನ್ನ ಕ್ಷಮಿಸಕ್ಕೆ?"

ನನ್ನದು ಗುತ್ತಿಗೆ ಕೆಲಸ. ಮಾರ್ಚ್ 31ಕ್ಕೆ ಮುಗಿಯುತ್ತದೆ. ನವೀಕರಣದ ಫೈಲು ಇರುವುದು ಇದೇ ಸಾರ್ ಮೇಜಿನ ಮೇಲೆ. ಎಂಥ ಬುದ್ಧಿ ನನ್ನದು...

ಮಾರ್ಚ್ 14

ಎರಡನೇ ಶನಿವಾರ, ರಜೆ. ಅವ್ವನಿಗೆ ಹೇಳಿದೆ. ನನ್ನನ್ನು ಚರ್ಚಿಗೆ ಕರೆದುಕೊಂಡು ಹೋದವಳೇ ಅವಳು. ಹೊಗಳುತ್ತಾಳೆ ಅಂದುಕೊಂಡಿದ್ದೆ. ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

"ಅವ್ನು ಕೇಳ್ನಿಲ್ವಲ್ಲ, ನೀನ್ಯಾಕ್ ಬಡಸ್ದೆ? ಅದು ಒಳ್ಗೇ ಮಾಡ್ಕಳದು ಕಣಮ್ಮಿ. ನಾಕ್ ಜನದ್ ಮುಂದೆ ಅಂದ್ರೆ ಅವ್ನ ಮರ್ವಾದೆ ತಗ್ದಂಗೆ."

ನಿಜ. ಹೇಳುವಾಗ ಒಂಥರಾ ಖುಷಿಯಾಗಿತ್ತು ನನಗೆ. ಗೆದ್ದ ಖುಷಿ.

ಮಾರ್ಚ್ 17

ಸಾರ್ ಮೇಲಿನ ಅಧಿಕಾರಿ, ನಮ್ಮ ಸಾಹೇಬರು ಕರೆದರು. ನಾನು ಆಫೀಸಿನಲ್ಲಿ ಧರ್ಮಪ್ರಚಾರ ಮಾಡುತ್ತೇನೆಂದು ದೂರು. ಕೊಟ್ಟವರು ಯಾರು ಅಂತ ಕೇಳಬೇಕೇ? ವಿವರಣೆ ಬರೆದುಕೊಡು, ಅವರು ನಿನಗೇನಾದರೂ ಅಂದಿದ್ದರೆ ಅದನ್ನೂ ಬರಿ ಎಂದರು.

ಹನ್ನೊಂದು ಮಾತು, ತಾರೀಖಿನ ಸಮೇತ, ನನ್ನ ಬಳಿಯೇ ಇವೆ. ಕ್ಷಮಿಸಿದವಳು ಪಟ್ಟಿ ಇಟ್ಟುಕೊಂಡಿದ್ದೇನೆ. ನಾಚಿಕೆಯಾಯಿತು.

ಕೆಲಸ ಹೋದರೆ ಅವ್ವನ ಮಾತ್ರೆ?

ಮಾರ್ಚ್ 25

ಯುಗಾದಿ ಕಳೆಯಿತು. ವಿವರಣೆ ಕೊಟ್ಟು ಐದು ದಿನ. ಎಲ್ಲರೆದುರು ಹಾಗಂದದ್ದು ತಪ್ಪು, ಪ್ರಚಾರ ಮಾಡಿಲ್ಲ — ಅಷ್ಟೇ ಬರೆದೆ. ಪಟ್ಟಿ ಸೇರಿಸಲಿಲ್ಲ. ಇದು ಕೃಪೆಯೋ ಹೆದರಿಕೆಯೋ? ಹೆದರಿಕೆಯೇ ಇರಬೇಕು. ಸಾರ್ ಈಗ ಮಾತೇ ಆಡುವುದಿಲ್ಲ. ಬೈಯುತ್ತಿದ್ದಾಗಲೇ ವಾಸಿಯಿತ್ತು.

ಮಾರ್ಚ್ 30, ಸೋಮವಾರ

ಮೇಘನಾ ಫೆಬ್ರವರಿಯಲ್ಲಿ ಸೇರಿದ ಹುಡುಗಿ. ನನ್ನ ಹಾಗೇ ಗುತ್ತಿಗೆ. ನಾಚಿಕೊಂಡು ಕಂಪ್ಯೂಟರ್ ಮುಂದೆಯೇ ಉಣ್ಣುತ್ತಿದ್ದಳು. ಇವತ್ತು ನಾನೇ ಮೇಜಿಗೆ ಕರೆದೆ. ಮುಚ್ಚಳ ನಡುವೆ ಇಟ್ಟಳು. ಅವಳ ಊರು ಕುದೇರಲ್ಲಿ ಯಾವ ಬೀದಿ ಅಂತ ಸಾರ್ ಕೇಳಿದರು. ನಮ್ಮ ಕಡೆ ಬೀದಿ ಕೇಳಿದರೆ ಜಾತಿ ಕೇಳಿದ ಹಾಗೆ. ಅವಳು ಹೇಳಿದಳು. ಸಾರ್ ತಮ್ಮ ಮುಚ್ಚಳ ಎತ್ತಿಕೊಂಡರು. ಉಳಿದವರು ಉಣ್ಣುತ್ತಲೇ ಇದ್ದರು.

ಎದ್ದು ನಿಂತೆ.

"ಸಾರ್, ನನ್ಗಂದಿದ್ದು ಅಂದ್ರಿ, ಬುಡಿ. ಈ ಮಗೀಗೆ ಬ್ಯಾಡ."

ಅವಳ ಮುಚ್ಚಳದಿಂದ ಪಲ್ಯ ತೆಗೆದು ತಿಂದೆ. ರುಚಿ ಗೊತ್ತಾಗಲಿಲ್ಲ. ನಾಳೆ ಮೂವತ್ತೊಂದು, ಜ್ಞಾಪಕ ಇರಲಿ ಅಂದು ಸಾರ್ ಕೈತೊಳೆಯಲು ಹೋದರು.

ಮಾರ್ಚ್ 31, ಸಂಜೆ 5.20

ಸಾಹೇಬರ ಕೋಣೆಯ ಹೊರಗಿನ ಬೆಂಚು. ನನ್ನ ನವೀಕರಣದ ಆದೇಶ ಸಹಿಯಾಗಿ ಬಂತು. ಮೇಘನಾಳ ಹೆಸರನ್ನು ಸಾರ್ ಒಳಗೆ ಕಳಿಸಿಯೇ ಇಲ್ಲ. ನಿಂದಾಯ್ತಲ್ಲ, ಮನೆಗೆ ಹೋಗು ಅಂದರು. ಐದೂವರೆಗೆ ಬಸ್ಸಿದೆ. ಹೋಗಲಿಲ್ಲ. ನಿನ್ನೆಯದನ್ನು ಸಾಹೇಬರಿಗೆ ಹೇಳಲೇಬೇಕು. ಹೇಳಿದರೆ ಸಾರ್ ಮೇಲೆ ಜಾತಿನಿಂದನೆ ಕೇಸಾಗುತ್ತದೆ. ನನ್ನ ಆದೇಶವೂ ಉಳಿಯುತ್ತದೋ ಇಲ್ಲವೋ. ಮೇಘನಾ ಪಕ್ಕದಲ್ಲಿ ಬ್ಯಾಗಿನ ಜಿಪ್ ಎಳೆಯುತ್ತಾಳೆ, ಬಿಡುತ್ತಾಳೆ.

5.40

ಸಾರ್ ಬಂದು ಎದುರು ನಿಂತರು. ಬೈಯಲಿಲ್ಲ. "ಇನ್ನೆಂಟ್ ತಿಂಗ್ಳಿಗೆ ರಿಟೈರ್ಡು ಕಣಮ್ಮ. ಒಳಕ್ ಓಗ್ಬೇಡ." ಫೈಲನ್ನು ಎದೆಗೆ ಅವಚಿಕೊಂಡಿದ್ದರು. ಪಾಪ ಅನ್ನಿಸಿತು. ನಿಜವಾಗಿಯೂ, ಮೊದಲ ಸಲ. ಬಾಯಿಬಿಟ್ಟು ಹೇಳಲಿಲ್ಲ. ಕೂತುಕೊಳ್ಳಿ ಸಾರ್ ಅಂತ ಬೆಂಚಿನಲ್ಲಿ ಜಾಗ ಬಿಟ್ಟೆ.

ಆದರೂ ಹೇಳಬೇಕು. ಪಾಪ ಅನ್ನಿಸಿದರೂ.

ಬೆಲ್ ಆಯಿತು. ಕರೆಯುತ್ತಿದ್ದಾರೆ. ಮೇಘನಾಳ ಕೈ ಹಿಡಿದು ಒಳಗೆ ಹೋಗುತ್ತೇನೆ.