ಹಣೆಗೆ ತಾಗಿದ ಚೆಂಡು

ಹೈದರಾಬಾದ್, ೧೯೪೧

ಮಲ್ಕಪ್ಪ,

ಇಂದು ಸಂಜೆ ಸಂಸ್ಥಾನದ ಫುಟ್‌ಬಾಲ್ ಲೀಗ್ ಮುಗಿಯಿತು. ಹದಿಮೂರು ಆಟಗಳಲ್ಲಿ ನಾನು ಒಮ್ಮೆಯೂ ಚೆಂಡಿಗೆ ತಲೆ ಕೊಟ್ಟಿರಲಿಲ್ಲ. ಅಂಜುಬುರುಕ ಎಂದು ತಂಡದವರು ನಗುತ್ತಿದ್ದರು. ಹಾಗೇ ನಂಬಲಿ ಎಂದು ಸುಮ್ಮನಿದ್ದೆ. ಇಂದಿನ ಕೊನೆಯ ಆಟದಲ್ಲಿ ಬಲಮೂಲೆಯಿಂದ ಚೆಂಡು ಎತ್ತರಕ್ಕೆ ಬಂತು, ಜೇವರ್ಗಿಯ ಶಾಲೆಯ ಬಯಲಿನಲ್ಲಿ ನೀನು ಕಳಿಸಿದ ಹಾಗೆಯೇ.

ಅಂದು ನಾನು ಬಗ್ಗಿಬಿಟ್ಟೆ. ಗೋಲು ತಪ್ಪಿ ಸೋತೆವು.

“ಯಾಕಲೇ ಚಂದ್ರಾಮ, ತಲಿ ಯಾಕ ಕೊಡ್ಲಿಲ್ಲ?” ಎಂದು ನೀನು ಕೇಳಿದೆ.

“ಹಣಿ ಮ್ಯಾಲ ವಿಭೂತಿ ಅದಲೇ,” ಎಂದೆ ನಾನು.

ಮಧ್ಯಾಹ್ನವಿಡೀ ಅದೇ ಚರ್ಮದ ಚೆಂಡನ್ನು ಕಾಲಲ್ಲಿ ಒದ್ದಿದ್ದೆ. ಅದನ್ನು ಹೊಲಿದವನು ನಿನ್ನಪ್ಪ. ನೀನು ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದೆ, ಮತ್ತೆ ಆಡಲು ಬರಲಿಲ್ಲ. ಮುಂಬಯಿ ಸೇರಿದೆ ಎಂದರು. ಹೋದ ವರ್ಷ ನಿನ್ನಪ್ಪನ ಬಾಗಿಲಿಗೆ ಹೋಗಿ ವಿಳಾಸ ಕೇಳಿದೆ.

“ನಿಮಗ ಪತ್ತಾ ಕೊಡಬ್ಯಾಡ ಅಂದಾನ್ರಿ,” ಎಂದ, ಚಪ್ಪಲಿ ಹೊಲಿಯುತ್ತಲೇ.

ಇಂದು ಕಣ್ಣು ಮುಚ್ಚಿ ಹಣೆ ಕೊಟ್ಟೆ. ಗೋಲಾಯಿತು. ತಂಡದವರು ನನ್ನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು. ಈಗ ಎಲ್ಲರೂ ಸ್ನಾನಕ್ಕೆ ಹೋಗಿದ್ದಾರೆ. ನನ್ನ ಹಣೆಯ ಮೇಲೆ ಚೆಂಡಿನ ಹೊಲಿಗೆ ಕೆಂಪಗೆ ಮೂಡಿದೆ. ನಾನಿನ್ನೂ ಮುಖ ತೊಳೆದಿಲ್ಲ.