ಹಿಂದಿನ ಗಾಡಿಯ ಫಿಲ್ಟರು

ಕುರ್ರಾವೀನಾ ದನದ ಫಾರಂ,
ಪಶ್ಚಿಮ ಕ್ವೀನ್ಸ್‌ಲ್ಯಾಂಡ್
ಮಾರ್ಚ್ ೧೧, ಮಂಗಳವಾರ

ಪ್ರಿಯ ಮರ್ವ್,

ನಿನ್ನ ಕಾಗದವೂ ಪಾರ್ಸಲ್ಲೂ ಹೋದ ವಾರದ ಅಂಚೆ ವಿಮಾನದಲ್ಲಿ ಬಂದು ಸೇರಿದವು. ಪಾರ್ಸಲ್ ನೋಡಿದ್ದೇ ತಡ, ಮ್ಯಾನೇಜರನ ಹೆಂಡತಿ ರೊವೀನಾ, "ಗಂಡ ಕೇಕ್ ಕಳಿಸಿದಾನೆ ಕಣೇ, ಬಿಚ್ಚು ಬಿಚ್ಚು" ಅಂದಳು. ಬಿಚ್ಚಿದರೆ ಏರ್ ಫಿಲ್ಟರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗೇನು ಗೊತ್ತು, ಮದುವೆಯಾದಾಗಿನಿಂದ ನೀನು ನನಗೆ ಕೊಟ್ಟ ಉಡುಗೊರೆಗಳೆಲ್ಲ ಇಂಥವೇ. ಜ್ಯಾಕು, ಟೈರು, ಒಂದು ಹುಟ್ಟುಹಬ್ಬಕ್ಕೆ ಫ್ಯಾನ್ ಬೆಲ್ಟು.

ನಿನ್ನ ಪ್ರಶ್ನೆಗೆ ಉತ್ತರ ಈ ಗುರುವಾರದ ವಿಮಾನಕ್ಕೇ ಹೋಗಬೇಕು. ಉತ್ತರದ ಬೇಲಿಯ ಕೆಲಸವನ್ನು ಯಾರಿಗೆ ಕೊಡುವುದೆಂದು ಮ್ಯಾನೇಜರ್ ಆಲಿಸ್ಟರ್ ತಿಂಗಳ ಕೊನೆಗೆ ತೀರ್ಮಾನಿಸುತ್ತಾನೆ. ಒಬ್ಬಳಿಗೇ ಕೊಡುವುದಿಲ್ಲ, ಕೊಟ್ಟರೂ ನನ್ನ ಕೈಲಾಗದು. ತಂತಿ ಎಳೆಯುವವರೊಬ್ಬರು, ಕಂಬ ಹಿಡಿಯುವವರೊಬ್ಬರು ಇರಲೇಬೇಕು. ನೀನು ಬರೆದಿದ್ದೀಯ, "ಮೊದಲಿನ ಹಾಗೇ ಹೋಗೋಣ ಗ್ಲೆನಿಸ್, ನನ್ನ ಗಾಡಿ ಮುಂದೆ, ನಿನ್ನದು ಹಿಂದೆ." ನೀನು ಬರಬೇಕೋ ಬೇಡವೋ ಎನ್ನುವುದು ಬರೀ ಬೇಲಿಯ ವಿಷಯವಲ್ಲ ಎಂದು ನನಗೂ ಗೊತ್ತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಬಾಯಿ ಹಾಕಲು ಬರುವುದಿಲ್ಲ.

ಮೊದಲು ಫಿಲ್ಟರಿನ ಸಮಾಚಾರ ಮುಗಿಸುತ್ತೇನೆ. ನೀನು ಕಳಿಸಿದ್ದು ಕೆಂಪು ಬಣ್ಣದ್ದು, ಎಣ್ಣೆ ಹಚ್ಚುವ ಬಟ್ಟೆಯದು, ತೊಳೆದು ತೊಳೆದು ಬಳಸುವಂಥದ್ದು. ನೋಡಲು ಚೆನ್ನಾಗಿದೆ. ಆದರೆ ನಾನು ಅದನ್ನು ಹಾಕಿಲ್ಲ, ಹಾಕುವುದೂ ಇಲ್ಲ. ಸಿಟ್ಟಾಗಬೇಡ, ಪೂರ್ತಿ ಓದು.

ನೀನು ಹೋದ ಮೇಲೆ ನನ್ನ ಗಾಡಿಯ ಎಂಜಿನ್ನನ್ನು ಹೊಸದಾಗಿ ಕಟ್ಟಿಸಿದೆನಲ್ಲ, ಆವಾಗ ಪೇಟೆಯ ಅಂಗಡಿಗೆ ನಾನೇ ಹೋಗಿದ್ದೆ. ಇಷ್ಟು ವರ್ಷ ಗಾಡಿ ಓಡಿಸಿಯೂ ಫಿಲ್ಟರನ್ನು ಒಮ್ಮೆಯೂ ನಾನು ಆರಿಸಿರಲಿಲ್ಲ. ಅಂಗಡಿಯ ಡೆಸ್ಮಂಡ್ ನೀನು ಕಳಿಸಿದಂಥದ್ದೇ ಕೆಂಪು ಫಿಲ್ಟರನ್ನು ಎದುರಿಗೆ ಇಟ್ಟ. "ಇದ್ ಹಾಕಿ ನೋಡಿ ಗ್ಲೆನಿಸಮ್ಮ, ಗಾಡಿ ಹಾರತ್ತೆ" ಅಂದ. "ಹಾರೋದು ಬೇಡ ಕಣಪ್ಪ, ಮನೆಗೆ ವಾಪಸ್ ಬಂದ್ರೆ ಸಾಕು" ಅಂದೆ. ತೊಳೆಯಬಹುದು, ವರ್ಷಗಟ್ಟಲೆ ಬರುತ್ತದೆ ಎಂದೆಲ್ಲ ಹೇಳಿದ. ತೊಳೆಯುವುದು ಸರಿ, ಒಣಗಿಸುವುದೆಲ್ಲಿ? ಇಲ್ಲಿಯ ಗಾಳಿಯಲ್ಲಿ ಒದ್ದೆ ಫಿಲ್ಟರು ನೇತುಹಾಕಿದರೆ ಸಂಜೆಯೊಳಗೆ ಅದು ಹಿಟ್ಟಿನಲ್ಲಿ ಹೊರಳಿಸಿದ ಮೀನಿನಂತಾಗುತ್ತದೆ. ಎಣ್ಣೆ ಕಡಿಮೆಯಾದರೆ ಧೂಳು ಒಳಗೆ, ಜಾಸ್ತಿಯಾದರೆ ಎಣ್ಣೆಯೇ ಒಳಗೆ. ಅಷ್ಟು ನಾಜೂಕು ನನ್ನ ಕೈಯಲ್ಲಿಲ್ಲ. ಗಾಡಿಯ ಜೊತೆಗೆ ಬರುವ ಸಾದಾ ಕಾಗದದ ಫಿಲ್ಟರನ್ನೇ ಕೊಂಡೆ. ಅದರ ಜೊತೆಗೆ, ಬಾನೆಟ್ಟಿನ ಪಕ್ಕದಿಂದ ಮೇಲೆ ಹೋಗಿರುವ ಗಾಳಿಕೊಳವೆಯ ತಲೆಗೆ ಒಂದು ಪಾರದರ್ಶಕ ಬಟ್ಟಲನ್ನೂ ಹಾಕಿಸಿದೆ. ಅದು ಒಳಗೆ ಬರುವ ಗಾಳಿಯನ್ನು ಗಿರಗಿರ ತಿರುಗಿಸಿ ದಪ್ಪ ಧೂಳನ್ನೆಲ್ಲ ಅಲ್ಲೇ ಉದುರಿಸಿಕೊಳ್ಳುತ್ತದೆ. ಬಟ್ಟಲು ತುಂಬಿದಾಗ ಚೆಲ್ಲಿದರಾಯಿತು.

ಇನ್ನೊಂದು ಮಾತನ್ನೂ ಡೆಸ್ಮಂಡ್ ಹೇಳಿದ, ಅದಕ್ಕೆ ನೀನು ನಗುತ್ತೀಯ. ಕಾಗದದ ಫಿಲ್ಟರು ಸ್ವಲ್ಪ ಕೊಳಕಾಗಿದ್ದಾಗಲೇ ಚೆನ್ನಾಗಿ ಸೋಸುತ್ತದಂತೆ. ಮೇಲೆ ಕೂತ ಧೂಳೇ ಹಿಂದೆ ಬರುವ ಧೂಳನ್ನು ತಡೆಯುತ್ತದಂತೆ. ಫಿಲ್ಟರಿನ ಡಬ್ಬಿಯ ಮೇಲೆ ಪುಟ್ಟ ಗಾಜಿನ ಕಿಂಡಿ ಇದೆಯಲ್ಲ, ಎಂಜಿನ್ನಿಗೆ ಉಸಿರು ಕಟ್ಟಿದಾಗ ಕೆಂಪು ಏರುವಂಥದ್ದು? ಅದು ಕೆಂಪಾಗುವ ತನಕ ಡಬ್ಬಿ ಮುಟ್ಟಲೇಬೇಡಿ ಅಂದ. ನಾನು ಮುಟ್ಟಲಿಲ್ಲ. ಬೋರುಗಳ ಸುತ್ತು ಹೊಡೆಯುತ್ತ, ತೊಟ್ಟಿಗೆ ನೀರು ಬರುತ್ತಿದೆಯೋ ಇಲ್ಲವೋ ಎಂದು ನೋಡುತ್ತ ದಿನವಿಡೀ ಅದೇ ಹಾಳು ದಾರಿಯಲ್ಲಿ ಓಡಾಡಿದೆ. ಚಕ್ರ ಅರ್ಧ ಹೂತುಹೋಗುವಷ್ಟು ಹುಡಿಮಣ್ಣು, ನಿನಗೆ ಗೊತ್ತಿರುವ ದಾರಿಯೇ. ವಾರ ಕಳೆಯಿತು, ತಿಂಗಳು ಕಳೆಯಿತು. ಕೆಂಪು ಬರಲೇ ಇಲ್ಲ.

ಮರ್ವ್, ನಿನ್ನ ಕಾಲದಲ್ಲಿ ನನ್ನ ಫಿಲ್ಟರು ಒಂದು ವಾರವಾದರೂ ಸರಿಯಾಗಿ ಬಾಳಿತ್ತಾ?

ಬಟ್ಟಲಿನ ಮಹಿಮೆ ಅನ್ನುತ್ತೀಯ, ಗೊತ್ತು. ನಾನೂ ಹಾಗೇ ಅಂದುಕೊಂಡಿದ್ದೆ. ಆಗಸ್ಟಿನಲ್ಲಿ ದನಗಳನ್ನು ಒಟ್ಟುಮಾಡುವ ಸಮಯಕ್ಕೆ ಅಡಿಗೆಯ ಸಾಮಾನು, ಡೀಸೆಲ್ಲು ಹೇರಿಕೊಂಡು ಆಲಿಸ್ಟರನ ಗಾಡಿಯ ಹಿಂದೆ ಹೋಗಬೇಕಾಯಿತು. ಇಲ್ಲಿಯ ಪದ್ಧತಿ ನಿನಗೆ ಹೇಳಬೇಕೇ? ಯಜಮಾನ ಮುಂದೆ, ಸಾಮಾನು ಹಿಂದೆ. ಅದೇ ಗಾಡಿ, ಅದೇ ಬಟ್ಟಲು, ಅದೇ ಕಾಗದದ ಫಿಲ್ಟರು. ಒಂದು ವಾರ ಮುಗಿಯುವುದರೊಳಗೆ ಕಿಂಡಿಯಲ್ಲಿ ಕೆಂಪು. ಡಬ್ಬಿ ತೆಗೆದರೆ ಒಳಗೆ ಇಟ್ಟಿಗೆಯಂತೆ ಗಟ್ಟಿಯಾಗಿ ಮೆತ್ತಿಕೊಂಡ ಮಣ್ಣು. ದನದ ದೊಡ್ಡಿಯ ಪಕ್ಕ, ಎಲ್ಲರೂ ಮಾಂಸ ರೊಟ್ಟಿ ತಿನ್ನುತ್ತಿದ್ದಾಗ, ನಾನು ಬಂಪರಿನ ಮೇಲೆ ಕೂತು ಅತ್ತೆ. ಧೂಳು ಕಣ್ಣಿಗೆ ಬಿತ್ತು ಅಂದೆ ಅವರಿಗೆ. ಯಾರಿಗೂ ನಂಬದಿರಲು ಕಾರಣವಿರಲಿಲ್ಲ.

ಇದನ್ನು ನಾನು ನಿನಗೆ ಎಷ್ಟು ಸಲ ಹೇಳಿದ್ದೆ ಹೇಳು? "ನಿನ್ ಹಿಂದೆ ಬರೋದ್ರಿಂದ ಹಿಂಗಾಗತ್ತೆ ಕಣೋ, ಆ ಧೂಳೆಲ್ಲ ನನ್ ಗಾಡಿನೇ ಕುಡೀತದೆ" ಎಂದರೆ, "ಅದೇ ದಾರೀಲಿ ನಾನೂ ಬಂದಿಲ್ವಾ? ನನ್ ಫಿಲ್ಟರು ಹೆಂಗಿದೆ ನೋಡು, ಕನ್ನಡಿ ಇದ್ದಂಗಿದೆ. ಗಾಡಿ ಓಡ್ಸೋಕೆ ಬರಬೇಕು" ಅನ್ನುತ್ತಿದ್ದೆ ನೀನು. ಧೂಳು ಇಳಿಯಲಿ ಎಂದು ಒಂದಿಷ್ಟು ಹಿಂದೆ ಉಳಿದರೆ ರೇಡಿಯೋದಲ್ಲಿ ಶುರು: "ಏನೇ, ಎಲ್ಲಿ ಹಾಳಾಗ್ ಹೋದೆ? ಅಲ್ಲೇ ಮನೆ ಕಟ್ಕೊಂಡ್ಯಾ?" ಹತ್ತಿರ ಬಂದರೆ ಸಂಜೆ ಫಿಲ್ಟರಿಗೆ ಬೈಗುಳ, ದೂರ ಉಳಿದರೆ ಮಧ್ಯಾಹ್ನವೇ ಬೈಗುಳ. ಅತ್ತ ದರಿ ಇತ್ತ ಪುಲಿ ಅಂದರೆ ಅದೇ. ಗೇಟುಗಳನ್ನು ನೀನು ತೆರೆದು ಹೋಗುತ್ತಿದ್ದೆ, ಕೊನೆಯವಳು ಮುಚ್ಚಬೇಕು ತಾನೇ, ನಿನ್ನ ಧೂಳು ಇನ್ನೂ ಇಳಿಯದಿದ್ದಾಗ ನಾನು ಅದರೊಳಗೇ ಇಳಿದು ಮುಚ್ಚುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಬೇಜಾರು ಏನೆಂದರೆ, ಕೇಳಿ ಕೇಳಿ ಕೊನೆಗೆ ನಾನೂ ನಿನ್ನ ಮಾತನ್ನು ನಂಬಿಬಿಟ್ಟೆ. ನನಗೆ ಗಾಡಿ ಓಡಿಸಲು ಬರುವುದಿಲ್ಲ ಎಂದೇ ಅಂದುಕೊಂಡಿದ್ದೆ.

ಇನ್ನು ಎಂಜಿನ್ನಿನ ಮಾತು. ಹೇಳಬಾರದು ಎಂದುಕೊಂಡಿದ್ದೆ, ಆದರೆ ಬಂದು ಸೇರುವ ಮೊದಲು ನಿನಗೆ ತಿಳಿದಿರಲಿ. ನೀನು ದಿನಾ ಸಂಜೆ ಟೆಂಟು ಹಾಕುವುದಕ್ಕೂ ಮುಂಚೆ ನನ್ನ ಫಿಲ್ಟರು ತೆಗೆದು ಬಂಪರಿಗೆ ಬಡಿದು, ಕಂಪ್ರೆಸರಿನ ಗಾಳಿ ಹೊಡೆದು ಹಾಕುತ್ತಿದ್ದೆಯಲ್ಲ? ನಿನ್ನ ಗಾಡಿಯದನ್ನು ಮರೆತರೂ ನನ್ನದನ್ನು ಮರೆಯುತ್ತಿರಲಿಲ್ಲ. ಬಾಯಲ್ಲಿ ಬೈಗುಳ, ಕೈಯಲ್ಲಿ ಆ ಕೆಲಸ. ಅದನ್ನು ನೋಡುತ್ತ ನಾನು ಚಹಾ ಇಡುತ್ತಿದ್ದೆ, ಇವನಿಗೆ ನನ್ನ ಮೇಲೆ ಪ್ರೀತಿ ಇದೆ ಎಂದುಕೊಳ್ಳುತ್ತಿದ್ದೆ. ಇತ್ತು ಮರ್ವ್, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ನೀನು ಹೋದ ಮೇಲೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಆ ಹಳೆಯ ಫಿಲ್ಟರಿನೊಳಗೆ ಟಾರ್ಚು ಇಳಿಸಿ ನೋಡಿದೆ. ಕಾಗದದ ಮಡಿಕೆಗಳಲ್ಲೆಲ್ಲ ಸೂಜಿ ಚುಚ್ಚಿದಂತೆ ಬೆಳಕು. ಆ ಗಾಳಿಯ ಹೊಡೆತಕ್ಕೆ ಕಾಗದ ತೂತಾಗಿತ್ತು. ಅದರ ಮೂಲಕ ಧೂಳು ಎಂಜಿನ್ನಿನ ಒಳಗೆ ಹೋಗಿ, ಒಳಗೊಳಗೇ ತೇಯ್ದು ಹಾಕಿತ್ತು. ನನ್ನ ಎಂಜಿನ್ನು ಸತ್ತದ್ದು ನನ್ನ ಕೈಯಿಂದಲ್ಲ.

ಅದು ಸತ್ತ ದಿನ ನಿನಗೆ ನೆನಪಿದೆಯೇ? 'ಕುಂಟ ಒಂಟೆ' ಎನ್ನುವ ಆ ಬೋರಿನ ಏರಿನಲ್ಲಿ, ನೀಲಿ ಹೊಗೆ ಬಿಡುತ್ತ ನಿಂತಿತು. ದನ ಅಟ್ಟುವವರು ಮೂವರು ಕುದುರೆಯ ಮೇಲೆ ಕೂತು ನೋಡುತ್ತಿದ್ದರು. ನೀನು ಅವರ ಕಡೆ ತಿರುಗಿ, "ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಗತ್ತೆ ಹೇಳಿ" ಅಂದೆ. ಅವರು ನಕ್ಕರು, ನೀನೂ ನಕ್ಕೆ. ನಾನು ಬೆಂಕಿ ಹಾಕಿ ನಾಲ್ವರಿಗೂ ಚಹಾ ಮಾಡಿಕೊಟ್ಟೆ. ಆಮೇಲೆ ನಾನು ನಿನ್ನ ಜೊತೆ ಮಾತು ಬಿಟ್ಟೆ, ನೀನು ನಿನ್ನ ಅಣ್ಣನ ಮನೆಗೆ ಕಡಲತೀರಕ್ಕೆ ಹೋದೆ. ಯಾಕೆ ಮಾತು ಬಿಟ್ಟಳೋ ಗೊತ್ತಾಗಲಿಲ್ಲ ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದೀಯಂತೆ. ಈಗ ಗೊತ್ತಾಯಿತಲ್ಲ.

ಒಬ್ಬಳೇ ಇದ್ದು ರಾಣಿಯಾಗಿದ್ದೇನೆ ಎಂದುಕೊಳ್ಳಬೇಡ. ಸಾಕಾಗಿದೆ ಮಾರಾಯ. ಟೈರು ಬದಲಿಸಿ ಎದ್ದರೆ ಮಂಡಿ ಕಟಕಟ ಅನ್ನುತ್ತದೆ. ಬೋರಿನ ನೀರೆತ್ತುವ ಗಾಳಿಯಂತ್ರ ಹತ್ತಿ ಇಳಿದರೆ ಅರ್ಧ ದಿನ ಕೂರಬೇಕು. ನಾಯಿಯ ಜೊತೆ ಮಾತಾಡಿ ಮಾತಾಡಿ ಅದಕ್ಕೂ ಬೇಜಾರು ಬಂದು ಎದ್ದು ಹೋಗುತ್ತದೆ. ಹೋದ ತಿಂಗಳು ದೂರದ ಬೋರಿನಲ್ಲಿ ಚಕ್ರ ಹೂತು ಒಂದಿಡೀ ದಿನ ಸಿಕ್ಕಿಬಿದ್ದೆ. ರೇಡಿಯೋದಲ್ಲಿ ಬೈಯಲಾದರೂ ಒಬ್ಬನಿರಬೇಕಿತ್ತು ಅನಿಸಿತು. ನಿನ್ನ ಕಾಗದ ನೋಡಿ ಸಂತೋಷವಾಯಿತು. "ಮೊದಲಿನ ಹಾಗೇ" ಎನ್ನುವ ಸಾಲಿಗೆ ಬಂದಾಗ ಮಡಿಸಿಟ್ಟೆ.

ಮೊದಲಿನ ಹಾಗೆ ಆಗುವುದಿಲ್ಲ. ಬರುವುದಾದರೆ ಹೀಗೆ ಬಾ: ಮುಂದಿನ ಗಾಡಿ ನನ್ನದು. ಗೇಟು ನಾನು ತೆರೆಯುತ್ತೇನೆ, ನೀನು ಮುಚ್ಚು. ನೀನು ಧೂಳು ಇಳಿಯಲೆಂದು ಎಷ್ಟು ಹಿಂದೆ ಉಳಿದರೂ ನಾನು ರೇಡಿಯೋದಲ್ಲಿ ಬಾಯಿ ಮಾಡುವುದಿಲ್ಲ, ಪ್ರತಿ ತಿರುವಿನಲ್ಲಿ ನಿಂತು ಕಾಯುತ್ತೇನೆ. ಜನ ನಗುತ್ತಾರೆ. ಹೆಂಡತಿಯ ಧೂಳು ತಿನ್ನುತ್ತಾ ಬಂದ ಅನ್ನುತ್ತಾರೆ. ನಗಲಿ. ಚಹಾ ಬೇಕಾದರೆ ಅವರಿಗೆ ಈ ಸಲ ನೀನು ಮಾಡಿಕೊಡು. ಒಂದು ಹಂಗಾಮು ಪೂರ್ತಿ ಹೀಗೆ. ಆಮೇಲೆ ದಿನ ಬಿಟ್ಟು ದಿನ ಬದಲಿಸೋಣ ಎಂದು ನೀನಾಗಿ ಕೇಳಿದರೆ ನಾನು ಬೇಡ ಅನ್ನುವುದಿಲ್ಲ. ಇದು ಆಗುವುದಿಲ್ಲವೆಂದರೆ ಬರಬೇಡ, ನಾನು ಬೋರು ನೋಡಿಕೊಂಡು ಇರುತ್ತೇನೆ. ಬೇಲಿ ಬೇರೆ ಯಾರಾದರೂ ಹಾಕಲಿ. ಆಲಿಸ್ಟರನಿಗೆ ಎರಡೂ ಹೇಳಿಟ್ಟಿದ್ದೇನೆ.

ನಿನ್ನ ಕೆಂಪು ಫಿಲ್ಟರನ್ನು ಇದರ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ, ಕೊಟ್ಟು ಹಣ ತೆಗೆದುಕೋ. ಸಾದಾ ಕಾಗದದ್ದು ಕೊಂಡುಕೋ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ ಸ್ಪೇರು ಬೇಕಾದಷ್ಟು ತಾ. ಧೂಳು ನುಗ್ಗದಿರಲೆಂದು ಗಾಳಿಕೊಳವೆಯ ಬಾಯಿ ಹಿಂದಕ್ಕೆ ತಿರುಗಿಸುವ ನಿನ್ನ ಹಳೆಯ ಬುದ್ಧಿವಂತಿಕೆ ಬೇಡ, ಬಟ್ಟಲು ಹಾಕಿಸು. ಕೆಂಪು ಬರುವ ತನಕ ಡಬ್ಬಿ ಮುಟ್ಟಬೇಡ, ಬಂದಾಗ ಊದಬೇಡ, ಬದಲಿಸು. ಕಿಟಕಿ ಏರಿಸಿಕೋ. ನಿನ್ನ ಗಾಡಿಯ ಏಸಿ ಚೆನ್ನಾಗಿದೆ, ನನ್ನದರಲ್ಲಿ ಅದು ಯಾವತ್ತೂ ಇರಲಿಲ್ಲ.

ಅಣ್ಣನಿಗೂ ಅತ್ತಿಗೆಗೂ ನಾನು ಕೇಳಿದೆನೆಂದು ಹೇಳು.

ಇನ್ನೂ ನಿನ್ನ ಹೆಂಡತಿಯೇ ಆದ,
ಗ್ಲೆನಿಸ್

ಬರೆಯಲು ಬಿಟ್ಟುಹೋದದ್ದು: ಹೋದ ತಿಂಗಳು ವಿಮಾನದಲ್ಲಿ ಡಾಕ್ಟರು ಬಂದಿದ್ದರು, ಎದೆ ಪರೀಕ್ಷೆ ಮಾಡಿದರು. ನನ್ನ ಆ ಕೆಮ್ಮು, ನಿದ್ದೆ ಕೆಡುತ್ತದೆ ಎಂದು ನೀನು ಹಾಸಿಗೆ ಸುತ್ತಿಕೊಂಡು ಗಾಡಿಯ ಆಚೆ ಬದಿಗೆ ಹೋಗಿ ಮಲಗುತ್ತಿದ್ದೆಯಲ್ಲ, ಅದು ಈಗ ಇಲ್ಲ. ಯಾವ ಔಷಧಿ ತಗೊಂಡ್ರಿ ಎಂದು ಕೇಳಿದರು. "ಔಷಧಿ ಏನಿಲ್ಲ ಡಾಕ್ಟ್ರೇ, ಗಂಡ ಮುಂದೆ ಇಲ್ಲ, ಅಷ್ಟೇ" ಅಂದೆ. ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ನೀನು ಬರುವುದಾದರೆ ಹಾಸಿಗೆಯನ್ನು ಈಚೆ ಬದಿಗೇ ಹಾಸಿಕೊಳ್ಳಬಹುದು.